ಕರ್ತನ ಬರೋಣವೂ ಎರವಲು ನಗೆಯೂ

2025ರ ಸೆಪ್ಟೆಂಬರ್ 23 ಅಥವಾ 24ರಂದು ಸಭೆಯು ಮೇಲಕ್ಕೆ ಎತ್ತಲ್ಪಡುವುದೆಂದು ದಕ್ಷಿಣ ಆಫ್ರಿಕದ ಒಬ್ಬರು ಯೂಟ್ಯೂಬಿನಲ್ಲಿ ಆಡಿದ ಮಾತು ಕೆಲವೇ ವಾರಗಳಲ್ಲಿ ಲೋಕವನ್ನೆಲ್ಲ ಸುತ್ತಿತು. ಆ ದಿನಗಳು ಬಂದವು, ಕಳೆದವು. ಅನಂತರ ಉಳಿದದ್ದು ನಗೆ. ಭಾರತದ ಸುದ್ದಿಮಾಧ್ಯಮಗಳೂ ಆ ನಗೆಯಲ್ಲಿ ಪಾಲುಗೊಂಡವು. ಇದು ಹೊಸದೇನೂ ಅಲ್ಲ. 2011ರ ಮೇ 21ಕ್ಕೆ ನ್ಯಾಯತೀರ್ಪಿನ ದಿನವೆಂದು ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ ಸಾರಿದಾಗಲೂ, ಅದು ತಪ್ಪಿ ಅಕ್ಟೋಬರ್ 21ಕ್ಕೆ ದಿನವನ್ನು ಮುಂದೂಡಿದಾಗಲೂ ಹೀಗೆಯೇ ಆಯಿತು. ಮರುವರ್ಷ ಆ ವೃದ್ಧರು ದಿನವನ್ನು ಗೊತ್ತುಮಾಡಿದ್ದು ಪಾಪವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಭವಿಷ್ಯಕ್ಕೆ ದೊರೆತ ಪ್ರಚಾರದ ಹತ್ತರಲ್ಲೊಂದು ಪಾಲೂ ಆ ಪಶ್ಚಾತ್ತಾಪಕ್ಕೆ ದೊರೆಯಲಿಲ್ಲ.

ಈ ನಗೆ ಯಾರನ್ನು ಕುರಿತದ್ದು, ಎಲ್ಲಿಂದ ಬಂದದ್ದು, ನಮ್ಮ ನಾಡಿನಲ್ಲಿ ಅದು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನಾವಿಲ್ಲಿ ವಿಚಾರಿಸಬೇಕೆಂದಿದ್ದೇವೆ. ಅಂತ್ಯಕಾಲದ ನಂಬಿಕೆಯನ್ನು ಅಕ್ಷರಶಃ ಹಿಡಿದಿರುವ ಸಂಪ್ರದಾಯನಿಷ್ಠ ಕ್ರೈಸ್ತರನ್ನು ಅಣಕಿಸುವವರು ಪತ್ರಕರ್ತರು ಮಾತ್ರವಲ್ಲ. ವಿದ್ಯಾವಂತ ಸಭೆಗಳವರೂ ಮೆಲ್ಲಗೆ ನಗುವುದುಂಟು. ಆದುದರಿಂದ ವಿಷಯವನ್ನು ನಮ್ಮ ಮನೆಯಿಂದಲೇ ಆರಂಭಿಸುವುದು ಒಳ್ಳೆಯದು.

ಪಾಠವಿಮರ್ಶೆಯ ತರಗತಿಯಲ್ಲಿ ಒಂದು ಸೂತ್ರವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯುತ್ತಾನೆ: ಹಸ್ತಪ್ರತಿಗಳಲ್ಲಿ ಎರಡು ಪಾಠಗಳಿದ್ದರೆ ಸುಲಭವಾದುದಕ್ಕಿಂತ ಕಠಿಣವಾದುದೇ ಮೂಲವಾಗಿರುವ ಸಂಭವ ಹೆಚ್ಚು. ಇದನ್ನು ರೂಪಿಸಿದವರು ವುರ್ಟೆಂಬರ್ಗಿನ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ (1687–1752). ಜಾನ್ ವೆಸ್ಲಿಯವರು ಹೊಸ ಒಡಂಬಡಿಕೆಗೆ ಬರೆದ ಟಿಪ್ಪಣಿಗಳಿಗೆ ಬೆಂಗೆಲರ ‘ಗ್ನೋಮೊನ್’ ಗ್ರಂಥವೇ ಆಧಾರ. ಇದೇ ಬೆಂಗೆಲರು ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಲೆಕ್ಕಹಾಕಿ, 1836ರಲ್ಲಿ ಮೃಗದ ಪತನವಾಗಿ ಸಾವಿರ ವರುಷದ ಆಳಿಕೆ ಆರಂಭವಾಗುವುದೆಂದು ಬರೆದರು. ಲೆಕ್ಕವನ್ನು ನಂಬಿದ ವುರ್ಟೆಂಬರ್ಗಿನ ಭಕ್ತಕುಟುಂಬಗಳಲ್ಲಿ ಅನೇಕರು 1817ರ ಸುಮಾರಿಗೆ ಮನೆಮಾರು ಬಿಟ್ಟು, ಪೂರ್ವದಲ್ಲಿ ಆಶ್ರಯಸ್ಥಾನವಿದೆಯೆಂದು ಕಾಕಸಸ್ ಪರ್ವತಗಳ ಕಡೆಗೆ ಹೊರಟರು. ದಾರಿಯಲ್ಲಿ ಬಹಳ ಮಂದಿ ಸತ್ತರು. ಬೆಂಗೆಲರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. 1836 ಗಮನಾರ್ಹ ಬದಲಾವಣೆಯಿಲ್ಲದೆ ಕಳೆದುಹೋದರೆ ತಮ್ಮ ಲೆಕ್ಕದಲ್ಲಿಯೇ ಮೂಲಭೂತವಾದ ದೋಷವಿದೆಯೆಂದು ತಿಳಿಯಬೇಕೆಂದು ಅವರೇ ಬರೆದಿಟ್ಟಿದ್ದರು.

ಬಾಸೆಲ್ ಮಿಶನ್ 1815ರಲ್ಲಿ ಹುಟ್ಟಿದ್ದು ಈ ವಾತಾವರಣದಲ್ಲಿ. ಅದರ ಬೋಧಕರಲ್ಲಿ ಬಹುಮಂದಿ ಬಂದದ್ದು ವುರ್ಟೆಂಬರ್ಗಿನಿಂದ. 1834ರಲ್ಲಿ ಸಾಮುವೇಲ್ ಹೇಬಿಕ್ ಮತ್ತು ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದಿಳಿದರು. ಹರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ, ಎಂದರೆ ಬೆಂಗೆಲರ ಲೆಕ್ಕದ ವರ್ಷದಲ್ಲಿಯೇ. ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದೇ ಕನ್ನಡದ ಮೊದಲ ಪತ್ರಿಕೆ. ಜುಲೈ 1ನ್ನು ರಾಜ್ಯದ ಪತ್ರಕರ್ತರು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಕರ್ತನ ಬರೋಣದ ನಿರೀಕ್ಷೆಯಲ್ಲಿ ಬೆಳೆದ ಪರಂಪರೆಯೊಂದರ ಮನುಷ್ಯನೇ ಕನ್ನಡ ಪತ್ರಿಕೋದ್ಯಮದ ಮೂಲಪುರುಷನೆಂಬುದನ್ನು ಆ ನಿರೀಕ್ಷೆಯನ್ನು ಗೇಲಿಮಾಡುವ ಅಂಕಣಕಾರರಿಗೆ ಯಾರಾದರೂ ನೆನಪಿಸಬಹುದು. ಲೋಕ ಬೇಗ ಮುಗಿಯುವುದೆಂದು ನಂಬಿದವರು ಲೋಕದ ಕೆಲಸವನ್ನು ಕೈಬಿಡುತ್ತಾರೆಂಬ ಆಕ್ಷೇಪಕ್ಕೆ ಅವರ ಶಾಲೆಗಳು, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳು ಸಾಕಷ್ಟು ಉತ್ತರ.

ಅಂತ್ಯಕಾಲದ ನಿರೀಕ್ಷೆ ಕನ್ನಡ ನೆಲಕ್ಕೆ ಹಡಗಿನಲ್ಲಿಯೇ ಬಂದದ್ದೆಂದು ಹೇಳಲೂ ಆಗದು. 1840ರ ಸುಮಾರಿಗೆ ಧಾರವಾಡ ಸೀಮೆಯಲ್ಲಿ ಕಾಲಜ್ಞಾನಿಗಳೆಂಬ ಒಂದು ಪಂಥದವರು ಮೋಗ್ಲಿಂಗರ ಮತ್ತು ಅವರ ಜೊತೆಯವರ ಸಂಪರ್ಕಕ್ಕೆ ಬಂದರು. ಮುಂದೆ ಬರಲಿರುವ ಕಾಲವನ್ನೂ ಬರಲಿರುವ ಉದ್ಧಾರಕನನ್ನೂ ಕುರಿತ ವಚನಗಳು ಅವರಲ್ಲಿದ್ದವು. ಬೋಧಕರಿಗೆ ಇದು ತಮ್ಮ ಸುವಾರ್ತೆಗೆ ದೇವರೇ ತೆರೆದ ಬಾಗಿಲೆಂದು ತೋರಿತು. ಸಮುದಾಯವೇ ಬಂದು ಸೇರುವುದೆಂಬ ಭರವಸೆಯಿಂದ ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ನೆಲವನ್ನು ಪಡೆದು ಒಂದು ವಸಾಹತನ್ನು ಹೂಡಿದರು. ನಿರೀಕ್ಷಿಸಿದ ಜನಸಮೂಹ ಬರಲಿಲ್ಲ. ಎರಡು ನಿರೀಕ್ಷೆಗಳು ಒಂದನ್ನೊಂದು ತಪ್ಪಾಗಿ ಓದಿಕೊಂಡ ಈ ಪ್ರಸಂಗ ನಮ್ಮ ಸಭಾಚರಿತ್ರೆಯ ಪುಟಗಳಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. ಅದು ಇನ್ನಷ್ಟು ಅಧ್ಯಯನಕ್ಕೆ ಯೋಗ್ಯವೆಂಬುದು ನಮ್ಮ ಅಭಿಪ್ರಾಯ.

ಇಂದು ನಮ್ಮ ಸ್ವತಂತ್ರ ಸಭೆಗಳಲ್ಲಿ ಕೇಳಿಬರುವ ಬೋಧನೆ ಮಾತ್ರ ಬೆಂಗೆಲರದಲ್ಲ. ಸಭೆಯು ಮೊದಲು ರಹಸ್ಯವಾಗಿ ಎತ್ತಲ್ಪಡುವುದು, ಅನಂತರ ಏಳು ವರ್ಷದ ಮಹಾಸಂಕಟ, ಆಮೇಲೆ ಸಾವಿರ ವರುಷದ ಆಳಿಕೆ ಎಂಬ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಚುರಪಡಿಸಿದವರು ಬ್ರದರನ್ ಪಂಗಡದ ಜಾನ್ ನೆಲ್ಸನ್ ಡಾರ್ಬಿ. 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಸತ್ಯವೇದ ಅದನ್ನು ಪುಟದ ಅಡಿಟಿಪ್ಪಣಿಯಾಗಿ ಮನೆಮನೆಗೆ ಮುಟ್ಟಿಸಿತು. ದಕ್ಷಿಣ ಭಾರತಕ್ಕೆ ಬ್ರದರನ್ ಬೋಧಕರು ಬಂದದ್ದಂತೂ 1830ರ ದಶಕದಲ್ಲಿಯೇ. ನೆರೆಯ ತಿರುವಾಂಕೂರಿನಲ್ಲಿ, ಬ್ರಾಹ್ಮಣ ಕುಲದಿಂದ ಬಂದು ವಿದ್ವಾನ್ ಕುಟ್ಟಿಯೆಂದು ಹೆಸರಾದ ಜಸ್ಟಸ್ ಜೋಸೆಫರು 1875ರ ಉಜ್ಜೀವನದ ಬಿಸಿಯಲ್ಲಿ, ಕ್ರಿಸ್ತನು 1881ರಲ್ಲಿ ಬರುವನೆಂದು ಸಾರಿದರು. ಆ ವರ್ಷವೂ ಕಳೆಯಿತು. ಅವರ ಪಂಥ ಸೊರಗಿತು. ಅವರು ರಚಿಸಿದ ಕೀರ್ತನೆಗಳನ್ನು ಮಲಯಾಳಿ ಸಭೆಗಳು ಈ ಹೊತ್ತಿಗೂ ಹಾಡುತ್ತವೆ. ದಿನವನ್ನು ತಳ್ಳಿಹಾಕಿ ಹಾಡನ್ನು ಉಳಿಸಿಕೊಂಡ ಆ ಸಭೆಗಳ ವಿವೇಕ ಅನೇಕ ದೈವಜ್ಞಾನ ಗ್ರಂಥಗಳಲ್ಲಿ ನಮಗೆ ದೊರೆಯಲಿಲ್ಲ.

ಇನ್ನು ನಗುವವರ ಕಡೆಗೆ ಬರೋಣ. ಸಂಪ್ರದಾಯನಿಷ್ಠ ಕ್ರೈಸ್ತರನ್ನು ಅಣಕಿಸುವ ಆಧುನಿಕ ಪತ್ರಿಕಾಶೈಲಿಗೆ ಮಾದರಿ ಹಾಕಿದವರಲ್ಲಿ ಎಚ್. ಎಲ್. ಮೆಂಕೆನ್ ಮುಖ್ಯರು. 1925ರಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ ವಿಕಾಸವಾದವನ್ನು ಬೋಧಿಸಿದ ಶಿಕ್ಷಕನ ವಿಚಾರಣೆ ನಡೆದಾಗ ಅವರು ಬರೆದ ವರದಿಗಳಲ್ಲಿ ಹಳ್ಳಿಯ ಭಕ್ತರು ಮೂರ್ಖರ ಮೆರವಣಿಗೆಯಾಗಿ ಕಾಣಿಸಿದರು. ಮುಂದೆ 1970ರಲ್ಲಿ ಹಾಲ್ ಲಿಂಡ್ಸೆಯವರ ಪುಸ್ತಕ, 1995ರಿಂದ ‘ಲೆಫ್ಟ್ ಬಿಹೈಂಡ್’ ಕಾದಂಬರಿಮಾಲೆ ಲಕ್ಷಗಟ್ಟಲೆ ಮಾರಾಟವಾದವು. ಯುದ್ಧ, ಅಣ್ವಸ್ತ್ರ, ಇಸ್ರೇಲಿನ ಗಡಿ ಇವೆಲ್ಲವನ್ನೂ ಪ್ರವಾದನೆಯ ಗಡಿಯಾರದ ಮುಳ್ಳುಗಳಂತೆ ಓದುವವರು ಅಲ್ಲಿ ಮತದಾರರ ದೊಡ್ಡ ಗುಂಪಾದರು, ಅಧಿಕಾರಸ್ಥರಿಗೆ ಹತ್ತಿರವಾದರು. ಅಲ್ಲಿಯ ವ್ಯಂಗ್ಯಕಾರನು ಅವರನ್ನು ಕುರಿತು ನಗುವಾಗ ಒಂದು ಪ್ರಬಲ ಶಕ್ತಿಯನ್ನು ಕುರಿತು ನಗುತ್ತಾನೆ. ಅದರಲ್ಲಿ ಒರಟುತನವಿರಬಹುದು, ನ್ಯಾಯವೂ ಇದೆ.

ಆ ನಗೆಯನ್ನು ಕನ್ನಡಕ್ಕೆ ಎರವಲು ತಂದಾಗ ಏನಾಗುತ್ತದೆ? 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ 1.87. ಅವರಲ್ಲಿ ಅಂತ್ಯಕಾಲವನ್ನು ಪ್ರತಿವಾರ ಬೋಧಿಸುವ ಸಣ್ಣ ಸಭೆಗಳವರು ಇನ್ನೂ ಕಡಿಮೆ. ಅವರಲ್ಲಿ ಬಹಳ ಮಂದಿ ಕೂಲಿಯವರು, ವಲಸೆ ಬಂದವರು, ಬಾಡಿಗೆಯ ಕೋಣೆಯಲ್ಲಿ ಆರಾಧಿಸುವವರು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ರಾಜ್ಯದ ಬೇರೆ ಕಡೆಗಳಲ್ಲಿಯೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಜನರು ಮತಾಂತರ ನಿಷೇಧ ಕಾಯಿದೆಯೆಂದು ಕರೆಯುವ ಶಾಸನ 2022ರಲ್ಲಿ ಬಂದಿತು. ಇಂತಹ ನೆಲದಲ್ಲಿ ವಾಹಿನಿಯ ನಿರೂಪಕನು ಒಬ್ಬ ಸಣ್ಣ ಸಭಾಪಾಲಕನ ಪ್ರಸಂಗದ ತುಣುಕನ್ನು ತೋರಿಸಿ ನಕ್ಕರೆ, ಆ ನಗೆ ವಾಷಿಂಗ್ಟನ್ನಿಗೆ ಮುಟ್ಟುವುದಿಲ್ಲ. ಪಕ್ಕದ ಬೀದಿಗೆ ಮುಟ್ಟುತ್ತದೆ. ಇವರು ಮೂಢರು, ಜನರನ್ನು ಹೆದರಿಸಿ ಸೆಳೆಯುವವರು ಎಂಬ ಮಾತಿಗೆ ಅದು ಇನ್ನೊಂದು ಸಾಕ್ಷಿಯಾಗುತ್ತದೆ.

ನಗೆಯ ಅಳತೆಗೋಲೂ ಸಮವಾಗಿಲ್ಲ. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟದಿಂದ ಪ್ರಳಯವೆಂದು ದೇಶವೇ ನಡುಗಿ ಯಜ್ಞಗಳು ನಡೆದವು. 2012ರ ಡಿಸೆಂಬರ್ 21ರ ಮಾಯಾ ಪಂಚಾಂಗದ ಪ್ರಳಯವನ್ನು ವಾಹಿನಿಗಳು ದಿನಗಟ್ಟಲೆ ಚರ್ಚಿಸಿದವು, ಜ್ಯೋತಿಷಿಗಳನ್ನು ಕೂರಿಸಿ ಕೇಳಿದವು. ಮನೆಯ ಭಯಕ್ಕೆ ಕುರ್ಚಿ, ನೆರೆಯವನ ನಿರೀಕ್ಷೆಗೆ ಗೇಲಿ! ಇದನ್ನು ದೂರಾಗಿ ಬೆಳೆಸುವುದು ನಮ್ಮ ಉದ್ದೇಶವಲ್ಲ. ಅಂತ್ಯವನ್ನು ಕುರಿತ ಭಯ ಯಾವ ಒಂದು ಮತದ ಸ್ವತ್ತೂ ಅಲ್ಲವೆಂಬುದು ಇದರಿಂದ ತಿಳಿದರೆ ಸಾಕು.

ಸಿದ್ದಾಪುರ ಸೀಮೆಯ ಮನ್ಮನೆಯ ಕಡೆಗೆ, ಶಿರಸಿ ಯಲ್ಲಾಪುರಗಳ ಕಡೆಗೆ ಸೇವೆಗೆ ಹೋಗುವ ನಮ್ಮ ಪದವೀಧರರಿಗೆ ತಾಳಮದ್ದಳೆಯ ಪರಿಚಯ ತಾನಾಗಿ ಆಗುತ್ತದೆ. ಅಲ್ಲಿ ಕೌರವನ ಅರ್ಥ ಹೇಳುವವನು ಕೌರವನ ಪಕ್ಷವನ್ನು ಪೂರ್ಣಬಲದಿಂದ ಮಂಡಿಸಬೇಕು. ಕೇಳುವವರು ಒಂದು ಗಳಿಗೆ ಕೃಷ್ಣನಿಗೆ ಉತ್ತರವುಂಟೇ ಎಂದು ಶಂಕಿಸುವಷ್ಟು. ಎದುರಾಳಿಯ ಮಾತನ್ನು ಸೊರಗಿಸಿ ಗೆದ್ದ ಅರ್ಥಧಾರಿಯನ್ನು ಆ ಊರುಗಳ ಪ್ರೇಕ್ಷಕರು ದೊಡ್ಡವನೆಂದು ಒಪ್ಪುವುದಿಲ್ಲ. ಕಟುವಾದ ಹಾಸ್ಯಕ್ಕೂ ಅಲ್ಲಿ ಅವಕಾಶವಿದೆ, ಆದರೆ ಅದು ಎದುರಾಳಿಯ ವಾದವನ್ನು ಕೇಳಿದ ಮೇಲಿನ ಹಾಸ್ಯ. ಮಾಧ್ಯಮದ ಟೀಕಾಕಾರರಿಂದ ನಾವು ಬೇಡುವುದು ವಿನಾಯಿತಿಯನ್ನಲ್ಲ, ಈ ಅಳತೆಯನ್ನು.

ಅವರು ಕೇಳದೆಯೇ ನಕ್ಕಿರುವುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಅಣಕದ ಚಿತ್ರಗಳಲ್ಲಿ ಸದಾ ಕಾಣುವುದು ಗಾಳಿಯಲ್ಲಿ ಹಾರಿಹೋಗುವ ಭಕ್ತರು, ಕೆಳಗೆ ಬಿದ್ದ ಬಟ್ಟೆ ಚಪ್ಪಲಿಗಳು. ಇದಕ್ಕೆ ಮೂಲವಾದ 1 ಥೆಸಲೊನೀಕ 4:13–18ನ್ನು ಪೌಲನು ಬರೆದದ್ದು ಸತ್ತವರಿಗಾಗಿ ಅಳುತ್ತಿದ್ದ ಒಂದು ಸಭೆಗೆ. ಕರ್ತನು ಬರುವ ಮೊದಲೇ ತೀರಿಹೋದ ನಮ್ಮವರ ಗತಿಯೇನು ಎಂಬುದು ಅವರ ಪ್ರಶ್ನೆಯಾಗಿತ್ತು. ಅವರು ಹಿಂದೆ ಉಳಿಯರು, ಮೊದಲು ಏಳುವವರು ಅವರೇ ಎಂಬುದು ಉತ್ತರ. ಅಲ್ಲಿ ಬರುವ ‘ಅಪಾಂತೇಸಿಸ್’ ಎಂಬ ಗ್ರೀಕ್ ಪದಕ್ಕೆ ಎದುರುಗೊಳ್ಳುವುದು ಎಂದರ್ಥ. ದೊಡ್ಡವರು ಪಟ್ಟಣಕ್ಕೆ ಬರುವಾಗ ಜನರು ಊರ ಹೊರಗೆ ಹೋಗಿ ಕಂಡು ಅವರೊಡನೆ ಒಳಗೆ ಬರುವ ಸಂದರ್ಭದಲ್ಲಿ ಅದರ ಬಳಕೆಯಿತ್ತು. ಪೌಲನು ರೋಮಿಗೆ ಬರುವಾಗ ಸಹೋದರರು ಹಾದಿಗೆ ಬಂದು ಕಂಡದ್ದಕ್ಕೂ (ಅ. ಕೃತ್ಯಗಳು 28:15), ಮದಲಿಂಗನನ್ನು ಎದುರುಗೊಳ್ಳಲು ಹೊರಟ ಕನ್ಯೆಯರಿಗೂ (ಮತ್ತಾಯ 25:6) ಅದೇ ಪದ. ಪಲ್ಲಕ್ಕಿಯನ್ನು ಊರ ಗಡಿಯಲ್ಲಿ ಎದುರುಗೊಂಡು ಊರೊಳಕ್ಕೆ ಕರೆತರುವ ಜನರ ನಡುವೆ ಇದಕ್ಕೆ ವ್ಯಾಖ್ಯಾನವೇ ಬೇಡ. ಎದುರುಗೊಳ್ಳಲು ಹೋದವನು ಅತಿಥಿಯೊಡನೆ ಅಲ್ಲಿಂದಲೇ ಊರು ಬಿಟ್ಟು ಹೋಗುವುದುಂಟೇ? ಹಾಗೆ ಓದಿದರೆ, ಲೋಕವನ್ನು ಬಿಟ್ಟು ಓಡಿಹೋಗುವ ಚಿತ್ರ ನಗುವವರದಾಗಲಿ, ಡಾರ್ಬಿಯ ಅನುಯಾಯಿಗಳದಾಗಲಿ, ಪೌಲನದಂತೂ ಅಲ್ಲ. ಈ ಓದನ್ನು ಒಪ್ಪದ ಪಂಡಿತರೂ ಇದ್ದಾರೆ. ಪದವೊಂದರಿಂದಲೇ ಎಲ್ಲವನ್ನೂ ಸಾಧಿಸಲಾಗದೆಂಬ ಅವರ ಎಚ್ಚರಿಕೆ ಸರಿಯಾದುದೇ. ಆದರೆ ವಾಕ್ಯಭಾಗದ ಉದ್ದೇಶ ಸಾಂತ್ವನವೆಂಬುದರಲ್ಲಿ ವಿವಾದವಿಲ್ಲ.

ಇನ್ನು ಅಣಕಕ್ಕೆ ಗುರಿಯಾದವರು ಮಾಡುವ ಒಂದು ತಪ್ಪನ್ನೂ ಹೇಳಬೇಕು. ಕಡೇ ದಿವಸಗಳಲ್ಲಿ ಕುಚೋದ್ಯಗಾರರು ಬರುವರೆಂದು 2 ಪೇತ್ರ 3ರಲ್ಲಿದೆಯಲ್ಲ, ಆದುದರಿಂದ ಈ ನಗೆಯೇ ನಮ್ಮ ಲೆಕ್ಕ ಸರಿಯೆಂಬುದಕ್ಕೆ ಗುರುತು ಎಂದು ಅವರು ವಾದಿಸುತ್ತಾರೆ. ಹೀಗಾದರೆ ಯಾರು ಎಷ್ಟು ನಕ್ಕರೂ ಲೆಕ್ಕ ತಪ್ಪುವಂತಿಲ್ಲ! ಪತ್ರದ ಕರ್ತೃ ಆ ದಾರಿಯನ್ನು ಹಿಡಿಯುವುದಿಲ್ಲ. ತಡವೇಕೆಂಬ ಪ್ರಶ್ನೆಯನ್ನು ಅವನು ನಿಜವಾದ ಪ್ರಶ್ನೆಯಾಗಿಯೇ ಸ್ವೀಕರಿಸಿ, ದೇವರ ದೀರ್ಘಶಾಂತಿಯನ್ನು ಉತ್ತರವಾಗಿ ಮುಂದಿಡುತ್ತಾನೆ (3:9). ಕುಚೋದ್ಯಗಾರನೂ ಆ ತಾಳ್ಮೆಯೊಳಗಿನವನೇ. ದಿನವನ್ನು ಗೊತ್ತುಮಾಡುವವರ ಮೇಲಿನ ಮೊದಲ ಆಕ್ಷೇಪವಂತೂ ಯಾವ ಪತ್ರಕರ್ತನದೂ ಅಲ್ಲ. ಆ ದಿನವೂ ಗಳಿಗೆಯೂ ಮಗನಿಗೂ ತಿಳಿಯದೆಂದು ಮಾರ್ಕ 13:32ರಲ್ಲಿ ಕರ್ತನೇ ಹೇಳಿದ್ದಾನೆ. ಆ ಮಟ್ಟಿಗೆ ನಗುವವನ ಮಾತಿನಲ್ಲಿ ಸತ್ಯದ ಅಂಶವಿದ್ದರೆ ಅದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿರಬಾರದು.

ದಿನ ತಪ್ಪಿದ ಮರುಭಾನುವಾರ ಒಬ್ಬ ವಿಶ್ವಾಸಿ ತಲೆತಗ್ಗಿಸಿ ಸಭೆಗೆ ಬಂದರೆ ಸಭಾಪಾಲಕನು ಏನು ಮಾಡಬೇಕು? ಮೊದಲು, ಆತನು ಆ ಮಾತನ್ನು ನಂಬಿದ್ದೇಕೆಂದು ಕೇಳಬೇಕು. ಸಾಲ, ಕಾಯಿಲೆ, ಸತ್ತ ಮಗು, ನ್ಯಾಯ ಸಿಗದ ಒಂದು ಮೊಕದ್ದಮೆ, ಇಂಥದೇನಾದರೂ ಆ ನಂಬಿಕೆಯ ಕೆಳಗಿರುತ್ತದೆ. ಕರ್ತನು ಬೇಗ ಬರಲಿ ಎಂಬ ಕೂಗು ಪ್ರಕಟನೆ 6:10ರಲ್ಲಿ ಕೊಲ್ಲಲ್ಪಟ್ಟವರ ಬಾಯಿಂದ ಬಂದದ್ದನ್ನು ನಾವು ಮರೆಯಬಾರದು. ನ್ಯಾಯತೀರ್ಪು ಬೇಡವೆನ್ನಲು ಸ್ಥಿತಿವಂತರಿಗೆ ಸುಲಭ. ಎರಡನೆಯದಾಗಿ, ಕೆಲಸ ಬಿಟ್ಟು ಕೂತವನಿಗೆ ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯವನ್ನು ಓದಿ ಹೇಳಬೇಕು, ಅಣಕವಿಲ್ಲದೆ.

ಮೂರನೆಯದು ಪೀಠಕ್ಕೆ ಸಂಬಂಧಿಸಿದ್ದು. ನಮ್ಮ ಸಭೆಗಳ ಪಂಚಾಂಗದಲ್ಲಿ ಆಗಮನ ಕಾಲದ ಆರಂಭ ಕರ್ತನ ಪುನರಾಗಮನದ ಪಾಠಗಳಿಗೆ ಮೀಸಲು. ಆದರೆ ಅನೇಕ ಕಡೆ ಆ ಭಾನುವಾರವೇ ಕ್ರಿಸ್ಮಸ್ ಗೀತೆಗಳ ತಾಲೀಮು, ಚಂದಾ ವಸೂಲಿ, ನಕ್ಷತ್ರ ಕಟ್ಟುವ ಸಿದ್ಧತೆ ಆರಂಭವಾಗಿ, ಬರೋಣದ ಮಾತು ಪೀಠದಿಂದ ಕೇಳಿಬರುವುದೇ ಇಲ್ಲ. ವರ್ಷಕ್ಕೊಮ್ಮೆಯೂ ಆ ಮಾತನ್ನು ಸಭೆಯಲ್ಲಿ ಕೇಳದವನು ಅದನ್ನು ಅಂಗೈಯ ಮೊಬೈಲಿನಲ್ಲಿ ಕೇಳುತ್ತಾನೆ, ಅಲ್ಲಿ ಅದು ತಾರೀಕಿನ ಸಮೇತ ಬರುತ್ತದೆ. ಈ ವರ್ಷ ಆ ಮೊದಲ ಭಾನುವಾರದ ಪ್ರಸಂಗಕ್ಕೆ 1 ಥೆಸಲೊನೀಕ 4ನ್ನು ಆರಿಸಿಕೊಳ್ಳಬಹುದು, ಹಿಂದಿನ ಹನ್ನೆರಡು ತಿಂಗಳಲ್ಲಿ ಸಭೆಯವರು ಮಣ್ಣು ಕೊಟ್ಟವರ ಹೆಸರುಗಳನ್ನು ಪ್ರಾರ್ಥನೆಯಲ್ಲಿ ಓದಿದ ಮೇಲೆ.