ಓದುಗ ತರುವ ಚೀಟಿ

ನಮ್ಮ ಟಿವಿಯವರ ಪಾಡು ನೋಡಿ. ವಾರಕ್ಕೊಮ್ಮೆ ಟಿಆರ್‌ಪಿ ಬರುತ್ತೆ, ಎಷ್ಟು ಜನ ನೋಡಿದ್ರು ಅನ್ನೋದು ಗೊತ್ತಾಗುತ್ತೆ. ಯಾರು ಹೇಳಿದ್ದಕ್ಕೆ ನೋಡಿದ್ರು, ನೋಡಿ ಏನಂದುಕೊಂಡ್ರು? ಅದು ಗೊತ್ತಾಗಲ್ಲ. ವೆಬ್‌ಸೈಟಿನ ಕತೆ ಬೇರೆ. ಅಲ್ಲಿಗೆ ಬರುವ ಓದುಗ ತಾನು ಎಲ್ಲಿಂದ ಬಂದೆ ಅನ್ನೋ ಚೀಟಿಯನ್ನು ಕೈಯಲ್ಲೇ ಹಿಡಿದು ಬರ್ತಾನೆ.

ರೆಡಿಟ್‌ನಲ್ಲಿ ಯಾರೋ ಹಾಕಿದ ಲಿಂಕನ್ನು ನೀವು ಒತ್ತುತ್ತೀರಿ. ನಿಮ್ಮ ಬ್ರೌಸರ್ ಆ ಸೈಟಿಗೆ ಹೋಗಿ ಪುಟ ಕೇಳುವಾಗಲೇ, ನಾನು ರೆಡಿಟ್‌ನಿಂದ ಬಂದೆ ಅಂತಲೂ ಹೇಳಿಬಿಡುತ್ತದೆ. ಇದಕ್ಕೆ ರೆಫರರ್ ಅಂತಾರೆ. (1996ರ ನಿಯಮಾವಳಿಯಲ್ಲಿ ಈ ಇಂಗ್ಲಿಷ್ ಪದಕ್ಕೆ ಒಂದು 'ಆರ್' ಕಡಿಮೆ ಬಿತ್ತು. ಇವತ್ತಿಗೂ ಬ್ರೌಸರ್‌ಗಳು ಆ ತಪ್ಪು ಕಾಗುಣಿತವನ್ನೇ ಬರೆಯುತ್ತಿವೆ!) ಗೂಗಲ್ ಅನಾಲಿಟಿಕ್ಸ್‌ನಂಥ ಲೆಕ್ಕದ ಸಾಧನಗಳು ಈ ಚೀಟಿಗಳನ್ನೇ ಒಟ್ಟುಹಾಕಿ ತೋರಿಸೋದು.

ಆದರೆ ಈಗಿನ ಬ್ರೌಸರ್‌ಗಳು ಖಾಸಗಿತನದ ಕಾರಣಕ್ಕೆ ಬಹುತೇಕ ಸೈಟಿನ ಹೆಸರಷ್ಟೇ ಹೇಳುತ್ತವೆ, ಯಾವ ಪುಟ ಅಂತ ಹೇಳಲ್ಲ. ಊರು ಗೊತ್ತು, ಮನೆ ಗೊತ್ತಿಲ್ಲ. ಮನೆಯನ್ನು ನೀವೇ ಹುಡುಕಬೇಕು. ಹ್ಯಾಕರ್ ನ್ಯೂಸ್‌ನಲ್ಲಿ ಪ್ರತಿ ಶೀರ್ಷಿಕೆಯ ಪಕ್ಕ ಆವರಣದೊಳಗೆ ಮೂಲ ಸೈಟಿನ ಹೆಸರಿರುತ್ತದೆ. ಅದನ್ನು ಒತ್ತಿದರೆ ಆ ಸೈಟಿನಿಂದ ಯಾರ್ಯಾರು ಏನೇನು ತಂದು ಹಾಕಿದ್ದಾರೆ ಅನ್ನೋ ಪಟ್ಟಿ ಬರುತ್ತದೆ. ಯಾವ ಶೀರ್ಷಿಕೆ ಕೊಟ್ಟು ಹಾಕಿದ್ದಾರೆ ಅನ್ನೋದನ್ನೂ ಅಲ್ಲೇ ನೋಡಬಹುದು. ನನ್ನ ಪ್ರಕಾರ ನೋಡಬೇಕಾದ್ದು ಅದನ್ನೇ.

ಇದೆಲ್ಲ ಜಾಹೀರಾತಿನವರ ತಲೆನೋವು ಅಂದುಕೊಳ್ಳಬೇಡಿ. 2019ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ವೆಬ್‌ಸೈಟಿನಲ್ಲಿ ಏನಾಯ್ತು ಗೊತ್ತಾ? ಒಂದು ಸುದ್ದಿಗೆ ಫೇಸ್‌ಬುಕ್‌ನಿಂದ ಓದುಗರು ಇದ್ದಕ್ಕಿದ್ದಂತೆ ನುಗ್ಗಿ ಬಂದರು. ಯಾವ ಸುದ್ದಿ? ದನದ ಮಾಂಸ ಅಂತ ಕುದುರೆ ಮಾಂಸ ಮಾರಿದ ಹಗರಣದ್ದು. ಯಾವಾಗಿನದು? 2013ರದ್ದು! ಆರು ವರ್ಷ ಹಳೆಯ ಸುದ್ದಿಯನ್ನು ಜನ ಹೊಸದೆಂದು ಹಂಚುತ್ತಿದ್ದರು. ಸುದ್ದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಹಂಚಿದ ಹೊತ್ತು ಮಾತ್ರ ತಪ್ಪು. ಓದುಗರು ಎಲ್ಲಿಂದ ಬರ್ತಿದ್ದಾರೆ ಅಂತ ಗಮನಿಸುವವರು ಇದ್ದದ್ದಕ್ಕೆ ಇದು ಕಣ್ಣಿಗೆ ಬಿತ್ತು. ಆಮೇಲೆ ಅವರು ಹಳೆಯ ಸುದ್ದಿಗಳ ವಯಸ್ಸನ್ನು ಎದ್ದು ಕಾಣುವಂತೆ ಹಾಕಿದರು. ಲಿಂಕ್ ಹಂಚಿದಾಗ ಕಾಣುವ ಚಿತ್ರದ ಮೇಲೂ ವರ್ಷ ಬರುವಂತೆ ಮಾಡಿದರು. ಒಳಗೆ ಬಂದು ಓದದೆ ಬರೀ ಮುಂದೆ ದಾಟಿಸುವವನಿಗೂ ಅದು ಕಾಣಲೇಬೇಕಲ್ಲ!

ನಮ್ಮಲ್ಲಿ ಇದು ಇನ್ನೂ ಕಷ್ಟ. ನಮ್ಮವರಿಗೆ ಸುದ್ದಿಕಟ್ಟೆ ಅಂದರೆ ವಾಟ್ಸಾಪ್. ಅಲ್ಲಿಂದ ಬರುವ ಓದುಗನ ಕೈಯಲ್ಲಿ ಸಾಮಾನ್ಯವಾಗಿ ಚೀಟಿಯೇ ಇರಲ್ಲ. ಲೆಕ್ಕದಲ್ಲಿ ಆತ 'ನೇರವಾಗಿ ಬಂದವನು'. ಅಮೆರಿಕದ ಪತ್ರಕರ್ತ ಅಲೆಕ್ಸಿಸ್ ಮ್ಯಾಡ್ರಿಗಲ್ 2012ರಲ್ಲೇ ಇಂಥ ಹಂಚಿಕೆಗೆ 'ಡಾರ್ಕ್ ಸೋಷಿಯಲ್' ಅಂತ ಹೆಸರಿಟ್ಟರು. ಸೈಟಿನವರು ತಮ್ಮ ಶೇರ್ ಬಟನ್ನಿನ ಲಿಂಕಿಗೆ ಒಂದು ಗುರುತಿನ ಬಾಲ ಅಂಟಿಸಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಯಾವ ಗ್ರೂಪು, ಯಾವ ಒಕ್ಕಣೆ ಅನ್ನೋದು ಆಗಲೂ ಸಿಗಲ್ಲ. ಹಾಗಾಗಿ ಹಳೆಯ ಸುದ್ದಿಯೊಂದಕ್ಕೆ ಒಮ್ಮೆಲೇ ಸಾವಿರಾರು 'ನೇರ' ಓದುಗರು ಬಂದರೆ, ನಾನು ಮೊದಲು ನೋಡೋದು ಆ ಪುಟದ ನೆತ್ತಿಯ ಮೇಲೆ ತಾರೀಖು ಇದೆಯಾ ಅಂತ.