ದೋಷದ ನೆಲೆ ಯಾವುದು? : ಲಿನಕ್ಸ್ ಗಣಕದಲ್ಲಿ ಕನ್ನಡ ಪಠ್ಯದ ತೊಡಕುಗಳು ಮತ್ತು ಪರಿಹಾರಕ್ರಮ

ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಒಂದು ನಿಯಮ ಪರಿಚಿತವಾಗಿದೆ. ಓಲೆಗರಿಯ ಪ್ರತಿಯಲ್ಲಿ ಅರ್ಥವಾಗದ ಪಾಠವೊಂದು ಎದುರಾದಾಗ ಸಂಪಾದಕನು ಕೂಡಲೇ ಅದನ್ನು ತಿದ್ದುವುದಿಲ್ಲ. ದೋಷವು ಕವಿಯದೋ, ಲಿಪಿಕಾರನದೋ, ಗರಿಯನ್ನು ತಿಂದ ಹುಳುವಿನದೋ, ಅಥವಾ ಓದುವವನದೇ ಹೊರತು ಪ್ರತಿಯದಲ್ಲವೋ ಎಂಬುದನ್ನು ಮೊದಲು ನಿರ್ಣಯಿಸುತ್ತಾನೆ. ನೆಲೆ ತಿಳಿಯದೆ ಮಾಡಿದ ತಿದ್ದುಪಡಿ ಇದ್ದ ಪಾಠವನ್ನೂ ಕೆಡಿಸುತ್ತದೆ. ಗಣಕಯಂತ್ರದ ದೋಷಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಪರದೆಯ ಮೇಲೆ ಕನ್ನಡದ ಬದಲು ಚೌಕಗಳು ಮೂಡಿದಾಗ ಇಡೀ ವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಸ್ಥಾಪಿಸುವುದು ಹಲವೆಡೆ ರೂಢಿಯಲ್ಲಿರುವ ಚಿಕಿತ್ಸೆ. ಅದರಿಂದ ಚೌಕಗಳು ಹೋಗಬಹುದು. ಜೊತೆಗೆ ವಿದ್ಯಾರ್ಥಿಯ ಸಂಪ್ರಬಂಧವೂ ಹೋಗಬಹುದು.

ಗಡಿಭಾಗದ ಮಹಾವಿದ್ಯಾಲಯಗಳಲ್ಲಿ ಈ ವಿಷಯಕ್ಕೆ ಮತ್ತೊಂದು ಮುಖವಿದೆ. ಒಂದೇ ಗಣಕದಲ್ಲಿ ಮರಾಠಿ, ಇಂಗ್ಲಿಷ್, ಕನ್ನಡ ಮೂರೂ ನಡೆಯಬೇಕು. ಮರಾಠಿ ಸರಿಯಾಗಿ ಕಂಡು ಕನ್ನಡ ಕಾಣದಿದ್ದಾಗ ‘ಈ ಗಣಕದಲ್ಲಿ ಕನ್ನಡ ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದು ಕೈಬಿಡುವುದು ಸುಲಭ. ವಾಸ್ತವವಾಗಿ ಅಲ್ಲಿ ಕೊರತೆಯಾಗಿರುವುದು ಬಹುಮಟ್ಟಿಗೆ ಒಂದೇ ಒಂದು ಪ್ಯಾಕೇಜು.

ಪ್ಯಾಕೇಜು ಎಂದರೇನು?

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ತಿರುಳನ್ನು ಪ್ರಕಟಿಸಿದರು. ಆ ತಿರುಳಿನ ಸುತ್ತ ಬೇಕಾದ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಯೋಜನೆಗಳಲ್ಲಿ 1993ರಲ್ಲಿ ಆರಂಭವಾದ ಡೆಬಿಯನ್ ಮುಖ್ಯವಾದುದು. 2004ರಲ್ಲಿ ಮೊದಲು ಬಿಡುಗಡೆಯಾದ ಉಬುಂಟು ಅದನ್ನೇ ಆಧರಿಸಿದೆ. ಇವುಗಳಲ್ಲಿ ಪ್ರತಿಯೊಂದು ತಂತ್ರಾಂಶವೂ ಒಂದೊಂದು ಪ್ಯಾಕೇಜಿನ ರೂಪದಲ್ಲಿ ಬರುತ್ತದೆ. ಕಡತಗಳ ಜೊತೆಗೆ, ತಾನು ಕೆಲಸ ಮಾಡಲು ಇನ್ನಾವ ಪ್ಯಾಕೇಜುಗಳು ಬೇಕು ಎಂಬ ಪಟ್ಟಿಯೂ ಅದರೊಳಗಿರುತ್ತದೆ. ಇದಕ್ಕೆ ಅವಲಂಬನೆ ಎಂದು ಹೆಸರು.

‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪ್ಯಾಕೇಜು ಇದಕ್ಕೆ ಉತ್ತಮ ನಿದರ್ಶನ. ಅದರಲ್ಲಿ ಸ್ವಂತದ್ದೆಂಬ ಫಾಂಟ್ ಒಂದೂ ಇಲ್ಲ. ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳ ಪ್ಯಾಕೇಜುಗಳನ್ನು ಅದು ಅವಲಂಬಿಸಿದೆ. ಇದನ್ನು ಸ್ಥಾಪಿಸಿದರೆ ಅವೆಲ್ಲವೂ ಬರುತ್ತವೆ. ದೇವನಾಗರಿಗೆ ‘ಫಾಂಟ್ಸ್-ದೇವಾ’ ಎಂಬ ಪ್ಯಾಕೇಜು ಇದೆ.

ಈ ಕಾರ್ಯದಲ್ಲಿ ಇಬ್ಬರು ಕೆಲಸಗಾರರಿದ್ದಾರೆ. ‘ಆಪ್ಟ್’ ಎಂಬುದು ದೂರದ ಭಂಡಾರದಿಂದ ಪ್ಯಾಕೇಜುಗಳನ್ನು ಹುಡುಕಿ, ಅವಲಂಬನೆಗಳನ್ನು ಲೆಕ್ಕಹಾಕಿ ತರುತ್ತದೆ. ‘ಡಿಪಿಕೆಜಿ’ ಎಂಬುದು ತಂದುದನ್ನು ಬಿಚ್ಚಿ, ಜಾಗಕ್ಕೆ ಸೇರಿಸಿ, ಸಂರಚಿಸುತ್ತದೆ. ದೋಷದ ಸಂದೇಶ ಬಂದಾಗ ಇವರಲ್ಲಿ ಯಾರು ದೂರುತ್ತಿದ್ದಾರೆ ಎಂಬುದನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. (ಇಲ್ಲಿ ಆಜ್ಞೆಗಳ ಉಚ್ಚಾರವನ್ನಷ್ಟೇ ಕೊಡಲಾಗಿದೆ, ಗಣಕದಲ್ಲಿ ಅವನ್ನು ರೋಮನ್ ಸಣ್ಣಕ್ಷರಗಳಲ್ಲಿ ಬರೆಯಬೇಕು.)

ಸಂದೇಶವನ್ನು ಓದುವ ಬಗೆ

ಲಿನಕ್ಸ್‌ನ ದೋಷ-ಸಂದೇಶಗಳು ದೀರ್ಘವಾಗಿದ್ದರೂ ಬಹುಪಾಲು ಪ್ರಾಮಾಣಿಕವಾಗಿರುತ್ತವೆ. ಕೊನೆಯ ಸಾಲು ಪರಿಣಾಮವನ್ನು ಹೇಳುತ್ತದೆ. ಕಾರಣವು ಸಾಮಾನ್ಯವಾಗಿ ಮೇಲಿನ ಮೊದಲ ದೋಷದ ಸಾಲಿನಲ್ಲಿರುತ್ತದೆ. ಪದೇ ಪದೇ ಎದುರಾಗುವ ಕೆಲವನ್ನು ಗಮನಿಸಬಹುದು.

ಪ್ಯಾಕೇಜು ಸಿಗಲಿಲ್ಲ ಎಂಬ ಸಂದೇಶ ಬಂದರೆ ಹೆಸರಿನ ಕಾಗುಣಿತವನ್ನು ನೋಡಬೇಕು. ಅದು ಸರಿಯಿದ್ದರೆ ‘ಆಪ್ಟ್ ಅಪ್‌ಡೇಟ್’ ಆಜ್ಞೆಯಿಂದ ಭಂಡಾರದ ಸೂಚಿಯನ್ನು ಹೊಸದಾಗಿ ತರಿಸಬೇಕು. ಹಳೆಯ ಸೂಚಿಯನ್ನು ಹಿಡಿದು ಗ್ರಂಥಾಲಯದಲ್ಲಿ ಹೊಸ ಪುಸ್ತಕವನ್ನು ಹುಡುಕಿದರೆ ಸಿಗುವುದಿಲ್ಲ. ಸೂಚಿಯೇ ಬರದಿದ್ದರೆ ಅಂತರಜಾಲ ಸಂಪರ್ಕವನ್ನೂ, ಆ ಉಬುಂಟು ಆವೃತ್ತಿಗೆ ಬೆಂಬಲ ಮುಗಿದಿದೆಯೇ ಎಂಬುದನ್ನೂ ಪರಿಶೀಲಿಸಬೇಕು. ಬೆಂಬಲ ಮುಗಿದ ಆವೃತ್ತಿಗಳ ಪ್ಯಾಕೇಜುಗಳನ್ನು ಬೇರೊಂದು ಹಳೆಯ ಭಂಡಾರಕ್ಕೆ ಸಾಗಿಸಲಾಗಿರುತ್ತದೆ.

ಸೂಚಿಯು ‘ಇನ್ನೂ ಜಾರಿಗೆ ಬಂದಿಲ್ಲ’ ಎಂಬರ್ಥದ ಸಂದೇಶ ವಿಚಿತ್ರವಾಗಿ ತೋರಬಹುದು. ಇದರ ಸಾಮಾನ್ಯ ಕಾರಣ ಗಣಕದ ಗಡಿಯಾರ. ಹಳೆಯ ಗಣಕದ ಒಳಗಿನ ಚಿಕ್ಕ ಬ್ಯಾಟರಿ ಮುಗಿದಾಗ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಇಂದಿನ ಸೂಚಿ ಅದಕ್ಕೆ ಭವಿಷ್ಯದ್ದಾಗಿ ಕಾಣುತ್ತದೆ. ದಿನಾಂಕವನ್ನು ಸರಿಪಡಿಸಿದರೆ ಸಾಕು.

ಬೀಗ ಸಿಗಲಿಲ್ಲ ಎಂಬ ಸಂದೇಶವೆಂದರೆ ಇನ್ನೊಂದು ಕಾರ್ಯಕ್ರಮವು ಅದೇ ವೇಳೆಗೆ ಪ್ಯಾಕೇಜುಗಳನ್ನು ಸ್ಥಾಪಿಸುತ್ತಿದೆ ಎಂದರ್ಥ. ಗಣಕವನ್ನು ಆರಂಭಿಸಿದ ಸ್ವಲ್ಪ ಹೊತ್ತಿನಲ್ಲಿ ಸ್ವಯಂಚಾಲಿತ ನವೀಕರಣ ನಡೆಯುವುದುಂಟು. ಕಾಯುವುದೇ ಇದಕ್ಕೆ ಪರಿಹಾರ. ಬೀಗದ ಕಡತವನ್ನು ಅಳಿಸಿ ಮುಂದುವರಿದರೆ ಇಬ್ಬರು ಲಿಪಿಕಾರರು ಒಂದೇ ಗರಿಯ ಮೇಲೆ ಒಟ್ಟಿಗೆ ಬರೆದಂತಾಗುತ್ತದೆ.

ಸ್ಥಾಪನೆಯ ನಡುವೆ ವಿದ್ಯುತ್ ಹೋದರೆ ಪ್ಯಾಕೇಜು ಅರ್ಧಕ್ಕೆ ನಿಲ್ಲುತ್ತದೆ: ಕಡತಗಳು ಬಿಚ್ಚಿವೆ, ಸಂರಚನೆ ಮುಗಿದಿಲ್ಲ. ಮುಂದಿನ ಬಾರಿ ಡಿಪಿಕೆಜಿಯೇ ತನ್ನ ಕೆಲಸ ತಡೆಯಲ್ಪಟ್ಟಿತೆಂದು ತಿಳಿಸಿ, ‘ಕಾನ್ಫಿಗರ್’ ಆಯ್ಕೆಯೊಡನೆ ತನ್ನನ್ನು ಓಡಿಸುವಂತೆ ಸೂಚಿಸುತ್ತದೆ. ಅದು ಕೊಟ್ಟ ಆಜ್ಞೆಯನ್ನೇ ಯಥಾವತ್ತಾಗಿ ಬರೆದರೆ ಉಳಿದ ಕೆಲಸ ಪೂರ್ಣವಾಗುತ್ತದೆ. ಅವಲಂಬನೆಗಳು ಕೂಡಿಬಂದಿಲ್ಲವೆಂದು ಹೇಳಿದರೆ ‘ಆಪ್ಟ್ ಇನ್‌ಸ್ಟಾಲ್’ ಆಜ್ಞೆಗೆ ‘ಫಿಕ್ಸ್-ಬ್ರೋಕನ್’ ಆಯ್ಕೆಯನ್ನು ಸೇರಿಸಬೇಕು. ಆದರೆ ಒಪ್ಪಿಗೆ ಕೊಡುವ ಮುನ್ನ ಅದು ತೆಗೆದುಹಾಕಲಿರುವ ಪ್ಯಾಕೇಜುಗಳ ಪಟ್ಟಿಯನ್ನು ಓದುವುದು ಕಡ್ಡಾಯ. ಬೇಕಾದ ತಂತ್ರಾಂಶದ ಹೆಸರು ಆ ಪಟ್ಟಿಯಲ್ಲಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಡಿಸ್ಕಿನಲ್ಲಿ ಜಾಗವಿಲ್ಲದಿರುವುದು ಇನ್ನೊಂದು ಸಾಮಾನ್ಯ ಕಾರಣ. ‘ಡಿಎಫ್’ ಆಜ್ಞೆ ಯಾವ ವಿಭಾಗ ತುಂಬಿದೆ ಎಂಬುದನ್ನು ತೋರಿಸುತ್ತದೆ. ಹಳೆಯ ತಿರುಳುಗಳು ಉಳಿದು ‘ಬೂಟ್’ ವಿಭಾಗ ತುಂಬಿದ್ದರೆ ‘ಆಪ್ಟ್ ಆಟೊರಿಮೂವ್’ ಅವನ್ನು ತೆರವುಗೊಳಿಸುತ್ತದೆ.

ಸಂರಚನೆಯ ಪ್ರಶ್ನೆ

ಇಡೀ ವ್ಯವಸ್ಥೆಗೆ ಅನ್ವಯಿಸುವ ಸಂರಚನಾ ಕಡತಗಳು ‘ಇಟಿಸಿ’ ಎಂಬ ಕಡತಕೋಶದಲ್ಲಿರುತ್ತವೆ. ಅಲ್ಲಿನ ಕಡತವೊಂದನ್ನು ಸ್ಥಳೀಯವಾಗಿ ತಿದ್ದಿದ್ದು, ಪ್ಯಾಕೇಜಿನ ಹೊಸ ಆವೃತ್ತಿ ಬೇರೆ ಪಾಠವನ್ನು ತಂದರೆ, ಡಿಪಿಕೆಜಿ ಯಾವುದನ್ನು ಉಳಿಸಬೇಕೆಂದು ಕೇಳುತ್ತದೆ. ಇದು ಪಾಠಾಂತರದ ಪ್ರಶ್ನೆಯೇ ಸರಿ. ಎರಡೂ ಪಾಠಗಳ ವ್ಯತ್ಯಾಸವನ್ನು ತೋರಿಸುವ ಆಯ್ಕೆಯೂ ಅಲ್ಲಿದೆ, ನೋಡಿ ನಿರ್ಧರಿಸಬೇಕು. ಸ್ಥಳೀಯ ಪಾಠವನ್ನು ಉಳಿಸಿಕೊಂಡರೆ ಹೊಸದನ್ನು ‘ಡಿಪಿಕೆಜಿ-ಡಿಸ್ಟ್’ ಎಂಬ ಬಾಲದೊಂದಿಗೆ ಪಕ್ಕದಲ್ಲಿಡಲಾಗುತ್ತದೆ. ಯಾವ ಪಾಠವೂ ನಷ್ಟವಾಗುವುದಿಲ್ಲ.

ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ರಿಮೂವ್’ ಆಜ್ಞೆ ತಂತ್ರಾಂಶವನ್ನು ತೆಗೆದರೂ ‘ಇಟಿಸಿ’ಯಲ್ಲಿರುವ ಅದರ ಸಂರಚನೆಯನ್ನು ಉಳಿಸುತ್ತದೆ, ‘ಪರ್ಜ್’ ಅದನ್ನೂ ಅಳಿಸುತ್ತದೆ. ತೆಗೆದು ಮರಳಿ ಹಾಕಿದರೂ ಅದೇ ದೋಷ ಮರುಕಳಿಸಿದರೆ ಉಳಿದುಹೋದ ಹಳೆಯ ಸಂರಚನೆ ಕಾರಣವಾಗಿರಬಹುದು. ಇನ್ನು, ಬಳಕೆದಾರನ ಮನೆ-ಕಡತಕೋಶದಲ್ಲಿರುವ ಸಂರಚನೆಯನ್ನು ‘ಪರ್ಜ್’ ಕೂಡ ಮುಟ್ಟುವುದಿಲ್ಲ. ಆದ್ದರಿಂದ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ಪ್ರವೇಶಿಸಿ ನೋಡುವುದು ಸರಳವಾದ ಪರೀಕ್ಷೆ. ಅಲ್ಲಿ ಸರಿಯಾಗಿದ್ದರೆ ದೋಷವು ಮೊದಲನೆಯ ಬಳಕೆದಾರನ ಸಂರಚನೆಯದು.

ಕನ್ನಡ ಕಾಣದಿದ್ದಾಗ

ಈ ಪ್ರಾಥಮಿಕ ತಿಳಿವಳಿಕೆಯೊಂದಿಗೆ ಮೂಲ ಪ್ರಶ್ನೆಗೆ ಮರಳಬಹುದು. ಕನ್ನಡ ಅಕ್ಷರವೊಂದು ಪರದೆಗೆ ಬರಲು ನಾಲ್ಕು ಹಂತಗಳಿವೆ: ಅಕ್ಷರದ ಸಂಕೇತ, ಫಾಂಟ್, ಒತ್ತು-ಗುಣಿತಗಳ ಜೋಡಣೆ, ಕೀಲಿಮಣೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ದೇವನಾಗರಿಗೆ ಪ್ರತ್ಯೇಕ ಸ್ಥಾನಗಳಿವೆ. ಯಾವ ಹಂತದಲ್ಲಿ ಕೆಟ್ಟಿದೆ ಎಂಬುದನ್ನು ರೋಗಲಕ್ಷಣವೇ ಹೇಳುತ್ತದೆ.

ಮೊದಲನೆಯದು ಚೌಕ. ಚೌಕದೊಳಗೆ ಸೊನ್ನೆ ಮತ್ತು ರೋಮನ್ ‘ಸಿ’ಯಿಂದ ಆರಂಭವಾಗುವ ನಾಲ್ಕು ಸಣ್ಣ ಚಿಹ್ನೆಗಳು ಕಂಡರೆ ಅದು ಶುಭಸೂಚನೆ. ಸಂಕೇತ ಕ್ಷೇಮವಾಗಿದೆ, ಅಕ್ಷರವನ್ನು ಬಿಡಿಸುವ ಫಾಂಟ್ ಇಲ್ಲ, ಅಷ್ಟೆ. ಮರಾಠಿ ಸರಿಯಾಗಿ ಕಂಡು ಕನ್ನಡ ಮಾತ್ರ ಚೌಕವಾದರೆ ಈ ನಿರ್ಣಯ ಇನ್ನಷ್ಟು ದೃಢವಾಗುತ್ತದೆ. ‘ಫಾಂಟ್ಸ್-ಕೆಎನ್‌ಡಿಎ’ ಸ್ಥಾಪಿಸಿ, ‘ಎಫ್‌ಸಿ-ಕ್ಯಾಶ್’ ಆಜ್ಞೆಯಿಂದ ಫಾಂಟುಗಳ ಪಟ್ಟಿಯನ್ನು ನವೀಕರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ಲಿಬ್ರೆ ಆಫೀಸ್‌ನಲ್ಲಿ ಪಾಶ್ಚಾತ್ಯ ಲಿಪಿಗಳಿಗೊಂದು, ಭಾರತೀಯ ಲಿಪಿಗಳನ್ನೊಳಗೊಂಡ ಸಂಕೀರ್ಣ ಲಿಪಿಗಳಿಗೊಂದು ಪ್ರತ್ಯೇಕ ಫಾಂಟ್ ಆಯ್ಕೆಯಿದೆ. ಮೊದಲನೆಯದನ್ನು ಎಷ್ಟು ಬದಲಿಸಿದರೂ ಕನ್ನಡದ ರೂಪ ಬದಲಾಗುವುದಿಲ್ಲ.

ಎರಡನೆಯದು ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುವುದು. ಇದು ಜೋಡಣೆಯ ದೋಷ. ಪರೀಕ್ಷೆಗೆ ಸೊನ್ನಲಿಗೆಯ ಸಿದ್ಧರಾಮನ ಅಂಕಿತವಾದ ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಒಂದು ಪದವೇ ಸಾಕು. ಅದರಲ್ಲಿ ವಿಜಾತೀಯ ಒತ್ತು, ಗುಣಿತ ಸಹಿತವಾದ ಸಜಾತೀಯ ಒತ್ತು, ಅರ್ಕಾವತ್ತು ಮೂರೂ ಇವೆ. ಒಂದು ತಂತ್ರಾಂಶದಲ್ಲಿ ಈ ಪದ ಸರಿಯಾಗಿ ಕಂಡು ಮತ್ತೊಂದರಲ್ಲಿ ಒಡೆದರೆ ಎರಡನೆಯ ತಂತ್ರಾಂಶವನ್ನು ನವೀಕರಿಸಬೇಕು ಅಥವಾ ಬದಲಿಸಬೇಕು.

ಮೂರನೆಯದು ಪ್ರತಿ ಕನ್ನಡ ಸಂಕೇತದ ಜಾಗದಲ್ಲಿ ಮೂರು ಅಪರಿಚಿತ ಚಿಹ್ನೆಗಳು, ಅದರಲ್ಲೂ ತಲೆಯ ಮೇಲೆ ಗೆರೆಯುಳ್ಳ ರೋಮನ್ ‘ಎ’ ಮತ್ತೆ ಮತ್ತೆ ಕಾಣುವುದು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟುಗಳು ಬೇಕು. ಓದುವ ತಂತ್ರಾಂಶವು ಮೂರನ್ನೂ ಮೂರು ಪಾಶ್ಚಾತ್ಯ ಅಕ್ಷರಗಳೆಂದು ತಿಳಿದಿದೆ. ಪ್ರತಿ ಶುದ್ಧವಾಗಿದೆ, ಓದು ತಪ್ಪಿದೆ. ಕಡತವನ್ನು ಉಳಿಸದೆ ಮುಚ್ಚಿ, ಯುಟಿಎಫ್-8 ಎಂದು ಸೂಚಿಸಿ ಮತ್ತೆ ತೆರೆಯಬೇಕು. ಹಾಗೆಯೇ ಉಳಿಸಿದರೆ ತಪ್ಪು ಓದೇ ಪ್ರತಿಯಾಗಿಬಿಡುವ ಅಪಾಯವಿದೆ.

ನಾಲ್ಕನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕನ್ನಡವನ್ನು ಅರಿಯದ ಸಂಕೇತಕ್ರಮದಲ್ಲಿ ಯಾರೋ ಕಡತವನ್ನು ಉಳಿಸಿದ್ದಾರೆ ಎಂಬುದಕ್ಕೆ ಇದು ಸಾಕ್ಷಿ. ಇಲ್ಲಿ ಅಕ್ಷರಗಳು ನಿಜವಾಗಿ ಅಳಿದಿವೆ, ಫಾಂಟಿನಿಂದ ಮರಳುವುದಿಲ್ಲ. ಬೇರೊಂದು ಪ್ರತಿಯಿದ್ದರೆ ಮಾತ್ರ ಉಳಿವು.

ಕಾಣುತ್ತದೆ, ಆದರೆ ಬರೆಯಲಾಗುವುದಿಲ್ಲ ಎಂದಾದರೆ ದೋಷ ಕೀಲಿಮಣೆಯದು. ಸಂರಚನೆಯ ಕೀಲಿಮಣೆ ವಿಭಾಗದಲ್ಲಿ ಕನ್ನಡದ ‘ಕಗಪ’ ವಿನ್ಯಾಸ ದೊರೆಯುತ್ತದೆ. ಇದು ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಹೊತ್ತ, ನುಡಿ ತಂತ್ರಾಂಶದಿಂದ ಪರಿಚಿತವಾದ ವಿನ್ಯಾಸ. ಅದೇ ಪಟ್ಟಿಯಲ್ಲಿ ಮರಾಠಿಗೂ ಕಗಪ ವಿನ್ಯಾಸವಿದೆ ಎಂಬುದು ದ್ವಿಭಾಷಿಕ ವಿದ್ಯಾರ್ಥಿಗಳಿಗೆ ಉಪಯುಕ್ತ. ಒಂದೇ ಬೆರಳಭ್ಯಾಸದಿಂದ ಎರಡೂ ಭಾಷೆಗಳನ್ನು ಬರೆಯಬಹುದು. ಬೇರೆ ವಿನ್ಯಾಸಗಳು ಬೇಕಾದರೆ ‘ಐಬಸ್-ಎಂ17ಎನ್’ ಪ್ಯಾಕೇಜನ್ನು ಸ್ಥಾಪಿಸಿ, ಒಮ್ಮೆ ನಿರ್ಗಮಿಸಿ ಮರಳಿ ಪ್ರವೇಶಿಸಬೇಕು.

ಲಕ್ಷಣವಿಲ್ಲದ ದೋಷ

ಇವೆಲ್ಲಕ್ಕಿಂತ ಗಂಭೀರವಾದ ದೋಷಕ್ಕೆ ಹೊರಗೆ ಯಾವ ಲಕ್ಷಣವೂ ಇಲ್ಲ. ಹಿಂದಿನ ವರ್ಷಗಳ ವಿಭಾಗ ಪತ್ರಿಕೆಗಳು, ಸಂಪ್ರಬಂಧಗಳು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಸಿದ್ಧವಾಗಿದ್ದರೆ, ಆ ಕಡತಗಳೊಳಗೆ ಇರುವುದು ಕನ್ನಡ ಸಂಕೇತಗಳಲ್ಲ. ರೋಮನ್ ಮೊದಲಾದ ಸಂಕೇತಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸಲಾಗಿದೆ. ಫಾಂಟ್ ಇರುವವರೆಗೆ ಎಲ್ಲವೂ ಸುಂದರ. ಫಾಂಟ್ ಇಲ್ಲದ ದಿನ ಅರ್ಥಹೀನ ರೋಮನ್ ಸಾಲುಗಳು. ಯುನಿಕೋಡ್‌ನಲ್ಲಿ ಪದವೊಂದನ್ನು ಬರೆದು ಆ ಕಡತದಲ್ಲಿ ಹುಡುಕಿದರೆ, ಪದ ಕಣ್ಣೆದುರಿಗಿದ್ದರೂ ಗಣಕಕ್ಕೆ ಸಿಗುವುದಿಲ್ಲ.

ಪರೀಕ್ಷೆ ಸುಲಭ. ಕಡತದ ಪ್ರತಿಯೊಂದರಲ್ಲಿ ಒಂದು ಸಾಲನ್ನು ಆಯ್ದು ಅದರ ಫಾಂಟನ್ನು ಗುಬ್ಬಿ ಅಥವಾ ಲೋಹಿತ್‌ಗೆ ಬದಲಿಸಬೇಕು. ಸಾಲು ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್. ರೋಮನ್ ಆಗಿ ಒಡೆದರೆ ಹಳೆಯ ಕ್ರಮ. ಹಳೆಯ ಕ್ರಮದ್ದಾದರೆ ಮತ್ತೆ ಬೆರಳಚ್ಚು ಮಾಡಿಸುವ ಅಗತ್ಯವಿಲ್ಲ, ಪರಿವರ್ತಕ ತಂತ್ರಾಂಶಗಳಿವೆ. ಆದರೆ ಪರಿವರ್ತನೆಯ ನಂತರ ಕರಡು ತಿದ್ದಲೇಬೇಕು. ಅರ್ಕಾವತ್ತು ಹಳೆಯ ಫಾಂಟುಗಳಲ್ಲಿ ಕಾಣುವ ಕ್ರಮದಲ್ಲಿ ವ್ಯಂಜನದ ಬಳಿಕ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ‘ರ್’ ಮೊದಲು ನಿಲ್ಲುತ್ತದೆ. ಈ ಸ್ಥಾನಪಲ್ಲಟದಲ್ಲಿ ಪರಿವರ್ತಕ ಎಡವಬಹುದು. ನಡುವೆ ಬಂದಿರುವ ಇಂಗ್ಲಿಷ್ ಪದಗಳನ್ನೂ ಅದು ಕನ್ನಡದ ಸಂಕೇತಗಳೆಂದೇ ಬಗೆದು ಕೆಡಿಸಬಹುದು. ಈ ಕರಡನ್ನು ತಿದ್ದಲು ಗಣಕತಜ್ಞನಿಗಿಂತ ಕನ್ನಡದ ವಿದ್ಯಾರ್ಥಿಯೇ ಹೆಚ್ಚು ಅರ್ಹ.

ಪಾಲಿಸಬೇಕಾದ ಕ್ರಮ

ಒಟ್ಟಿನಲ್ಲಿ ಕ್ರಮ ಹೀಗಿರಬೇಕು. ಏನನ್ನಾದರೂ ಮುಟ್ಟುವ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ಇಡಬೇಕು. ದೋಷ-ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಬೇಕು. ನಿನ್ನೆ ಸರಿಯಿದ್ದುದು ಇಂದು ಕೆಟ್ಟಿದ್ದರೆ ನಡುವೆ ಬದಲಾದುದೇನು ಎಂಬುದನ್ನು ಆಪ್ಟ್ ಬರೆದಿಡುವ ‘ಹಿಸ್ಟರಿ’ ಕಡತದಲ್ಲಿ ನೋಡಬೇಕು; ಯಾವ ದಿನ, ಯಾವ ಆಜ್ಞೆಯಿಂದ, ಯಾವ ಪ್ಯಾಕೇಜು ಬಂದಿತು ಅಥವಾ ಹೋಯಿತು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಬೇಕು; ಫಲ ಸಿಗದಿದ್ದರೆ ಅದನ್ನು ಹಿಂದಿನ ಸ್ಥಿತಿಗೆ ತಂದು ಮುಂದಿನದಕ್ಕೆ ಕೈಹಾಕಬೇಕು. ಮಾಡಿದುದನ್ನು ದಿನಾಂಕ ಸಹಿತ ಪ್ರಯೋಗಾಲಯದ ವಹಿಯಲ್ಲಿ ಬರೆದಿಟ್ಟರೆ ಮುಂದಿನ ವರ್ಷದ ವಿದ್ಯಾರ್ಥಿಗಳು ಅದೇ ದೋಷವನ್ನು ಮೊದಲಿನಿಂದ ಹುಡುಕಬೇಕಾಗುವುದಿಲ್ಲ.

ವಿಭಾಗದ ಹಳೆಯ ಸಂಚಿಕೆಗಳಿಂದಲೇ ಈ ಅಭ್ಯಾಸವನ್ನು ಆರಂಭಿಸುವುದು ಉಚಿತ. ಪ್ರತಿ ವಿದ್ಯಾರ್ಥಿಯೂ ಒಂದೊಂದು ಸಂಚಿಕೆಯ ಕಡತವನ್ನು ತೆರೆದು, ಒಂದು ಸಾಲಿನ ಫಾಂಟ್ ಬದಲಿಸಿ, ಅದು ಕನ್ನಡವಾಗಿ ಉಳಿಯುತ್ತದೆಯೇ ಎಂದು ನೋಡಲಿ. ಉಳಿಯದಿದ್ದರೆ, ಹಳೆಯ ಫಾಂಟ್ ಇನ್ನೂ ಕೈಯಲ್ಲಿರುವಾಗಲೇ ಪರಿವರ್ತನೆ ಮುಗಿಯುವುದು ಲೇಸು.