ಡೇಗೆಯ ವಿದ್ಯೆ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ಬಹುಪಾಲು ಹಿಂಡುಗಟ್ಟಿ ಬಾಳುವಂಥವು. ನಾಯಿಯಾಗಲಿ, ಕುದುರೆಯಾಗಲಿ, ಆನೆಯಾಗಲಿ, ತನ್ನ ಹಿಂಡಿನ ಹಿರಿಯನಿಗೆ ಸಲ್ಲಿಸುತ್ತಿದ್ದ ವಿಧೇಯತೆಯನ್ನೇ ಒಡೆಯನಿಗೂ ಸಲ್ಲಿಸುತ್ತದೆ. ಕಡಿದಾದ ಬಂಡೆಯ ಮೇಲೆ ನೆಲೆಮಾಡಿಕೊಂಡು, ಮರಿಗಳನ್ನು ಸಲಹುವ ಕೆಲವು ತಿಂಗಳುಗಳನ್ನುಳಿದು ಬಹುಮಟ್ಟಿಗೆ ಏಕಾಂಗಿಯಾಗಿ ಬೇಟೆಯಾಡುವ ಡೇಗೆಗಾದರೋ ಅಂಥ ವಿಧೇಯತೆಯ ಅರಿವೇ ಇಲ್ಲ. ಗದರಿಸಿದರೆ ಅದು ಅಂಕೆಗೆ ಬರುವುದಿಲ್ಲ, ಬೆದರುತ್ತದೆ. ದಂಡಿಸಿದರೆ ಪಾಠ ಕಲಿಯುವುದಿಲ್ಲ, ದಂಡಿಸಿದವನನ್ನು ಸಹಿಸದಂತಾಗುತ್ತದೆ. ಇಂಥ ಪಕ್ಷಿಯನ್ನು ಬಲಾತ್ಕಾರವಿಲ್ಲದೆ ಒಲಿಸಿಕೊಂಡು, ಎಲ್ಲ ಬಂಧನಗಳನ್ನೂ ಕಳಚಿ ಬಯಲಾಕಾಶಕ್ಕೆ ಬಿಟ್ಟು, ಮತ್ತೆ ಮುಷ್ಟಿಗೆ ಕರೆದುಕೊಳ್ಳುವ ಕಲೆಯೇ ಶ್ಯೇನವಿದ್ಯೆ. ಅರಬ್ಬರ ಮರುಭೂಮಿಯಿಂದ ಮಂಗೋಲಿಯದ ಬೆಟ್ಟಗಳವರೆಗೂ ಅನೇಕ ಜನಾಂಗಗಳು ಶತಮಾನಗಳಿಂದ ಪೋಷಿಸಿಕೊಂಡು ಬಂದಿರುವ ಈ ವಿದ್ಯೆಯನ್ನು ಯುನೆಸ್ಕೋ ಸಂಸ್ಥೆಯು 2010ರಲ್ಲಿ ಮನುಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಕನ್ನಡನಾಡಿಗೂ ಇದು ಅಪರಿಚಿತವಾದುದಲ್ಲ. ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ಅರಸನಾದವನು ತಿಳಿಯತಕ್ಕ ವಿಷಯಗಳನ್ನೆಲ್ಲ ಐದು ವಿಂಶತಿಗಳ ನೂರು ಅಧ್ಯಾಯಗಳಲ್ಲಿ ಅಡಕಮಾಡಿದ ತನ್ನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ, ಗಜ ತುರಗ ಮಲ್ಲ ಗೀತ ನೃತ್ಯಗಳ ಸಾಲಿನಲ್ಲಿಯೇ ಶ್ಯೇನವಿನೋದಕ್ಕೂ ಎಡೆಯಿತ್ತಿದ್ದಾನೆ. ಮುಂದೆ ಕುಮಾವೂಂ ಪ್ರಾಂತದ ರುದ್ರದೇವನು ಈ ಒಂದು ವಿಷಯವನ್ನೇ ಹಿಡಿದು ‘ಶ್ಯೈನಿಕಶಾಸ್ತ್ರ’ವನ್ನು ರಚಿಸಿದನು. ಸೋಮೇಶ್ವರನಿಗಿಂತ ಸುಮಾರು ಒಂದು ಶತಮಾನ ಈಚೆಗೆ, ಸಿಸಿಲಿಯಲ್ಲಿ ಬೆಳೆದು ಪವಿತ್ರ ರೋಮನ್ ಸಾಮ್ರಾಟನಾದ ಎರಡನೆಯ ಫ್ರೆಡರಿಕನು ಲ್ಯಾಟಿನ್ ಭಾಷೆಯಲ್ಲಿ ಬರೆದ ಬೃಹದ್‌ಗ್ರಂಥವು ಬೇಟೆಯ ಕೈಪಿಡಿಯಷ್ಟೇ ಆಗದೆ ಪಕ್ಷಿಶಾಸ್ತ್ರದ ಆದಿಗ್ರಂಥಗಳಲ್ಲೊಂದೆಂದು ಗಣ್ಯವಾಗಿದೆ. ಅರಬ್ಬೀ ಭಾಷೆಯ ಶ್ಯೇನಗ್ರಂಥವನ್ನು ಲ್ಯಾಟಿನ್ನಿಗೆ ತರಿಸಿ, ಹಕ್ಕಿಯ ತಲೆಗೆ ಮುಸುಕುಟೋಪಿ ತೊಡಿಸುವ ಕ್ರಮವನ್ನು ಅರಬ್ಬರಿಂದಲೇ ಕಲಿತ ಈ ಅರಸನು, ಅರಿಸ್ಟಾಟಲನ ವಚನವು ತಾನು ಕಣ್ಣಾರೆ ಕಂಡುದಕ್ಕೆ ವಿರುದ್ಧವಾದೆಡೆಗಳಲ್ಲಿ ವಚನವನ್ನು ತೊರೆದು ಕಂಡುದನ್ನೇ ಎತ್ತಿಹಿಡಿದನು. ರಣಹದ್ದು ಆಹಾರವನ್ನು ಮೂಸಿ ಅರಿಯುವುದೋ ನೋಡಿ ಅರಿಯುವುದೋ ಎಂಬುದನ್ನು ಕೂಡ ಆತನು ಪ್ರಯೋಗದಿಂದಲೇ ನಿರ್ಣಯಿಸಲೆಳಸಿದನು.

ಡೇಗೆಗಾರರು ತಮ್ಮ ಪಕ್ಷಿಗಳನ್ನು ಕಣ್ಣಿನ ಬಣ್ಣದಿಂದ ಎರಡಾಗಿ ವಿಂಗಡಿಸುತ್ತಿದ್ದರು. ಕಪ್ಪುಗಣ್ಣಿನವು ನೀಳವಾದ ಚೂಪು ರೆಕ್ಕೆಯ ಬಹರಿ, ಶಾಹೀನ್, ಲಗ್ಗಡ, ತುರುಮತಿಗಳು. ಇವು ತೆರೆದ ಬಯಲಿನ ವೀರರು. ಹಳದಿಗಣ್ಣಿನವು ಮೋಟುರೆಕ್ಕೆಯ ಬಾಜ್, ಬಾಶಾ, ಶಿಕ್ರಗಳು. ಇವು ಮರಗಿಡಗಳ ಎಡೆಯಲ್ಲಿ ಹಠಾತ್ತಾಗಿ ನುಗ್ಗಿ ಹಿಡಿಯುವಂಥವು. ಎರಡು ಕುಲಗಳಲ್ಲಿಯೂ ಹೆಣ್ಣೇ ದೊಡ್ಡದು, ಹೆಣ್ಣೇ ಬಲಿಷ್ಠ. ಗಂಡು ಬಹರಿಯು ಹೆಣ್ಣಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಿರಿದು. ಎತ್ತರದಿಂದ ರೆಕ್ಕೆ ಮಡಿಸಿ ಎರಗುವಾಗ ಬಹರಿಯ ವೇಗವು ಗಂಟೆಗೆ 300 ಕಿಲೋಮೀಟರನ್ನು ಮೀರುವುದುಂಟು.

ಹೊಸದಾಗಿ ಬಂದ ಹಕ್ಕಿಯ ಶಿಕ್ಷಣವು ಕತ್ತಲೆಯಿಂದ ಆರಂಭವಾಗುತ್ತದೆ. ಕಾಣದುದಕ್ಕೆ ಅದು ಹೆದರುವುದಿಲ್ಲವಾದುದರಿಂದ, ತೊಗಲಿನ ಮುಸುಕುಟೋಪಿಯನ್ನು ತೊಡಿಸಿ, ಕಾಲುಗಳಿಗೆ ಮೃದುವಾದ ವಾರುಗಳನ್ನು ಕಟ್ಟಿ, ದಪ್ಪ ಕೈಗವಸಿನ ಮುಷ್ಟಿಯ ಮೇಲೆ ಅದನ್ನು ಕುಳ್ಳಿರಿಸಿಕೊಂಡು ಗಂಟೆಗಟ್ಟಲೆ, ಕೆಲವೊಮ್ಮೆ ಇರುಳೆಲ್ಲ, ಅಲುಗದೆ ಇರಬೇಕು. ಮಂದವಾದ ಬೆಳಕಿನಲ್ಲಿ ಟೋಪಿಯನ್ನು ತೆಗೆದಾಗ, ಎದುರಿಗಿರುವ ಮನುಷ್ಯಮುಖವನ್ನು ಸಹಿಸಿಕೊಂಡು, ತಲೆಬಾಗಿಸಿ, ಮುಷ್ಟಿಯಲ್ಲಿರುವ ಮಾಂಸದ ತುಣುಕಿಗೆ ಹಕ್ಕಿಯು ಕೊಕ್ಕು ಹಾಕಿತೆಂದರೆ ಮೊದಲ ದ್ವಾರವು ತೆರೆಯಿತೆಂದು ತಿಳಿಯತಕ್ಕದ್ದು. ಏಕೆಂದರೆ ಪಕ್ಕದಲ್ಲಿ ಶತ್ರುವಿದ್ದಾನೆಂದು ಬಗೆವ ಪಕ್ಷಿಯು ತಲೆ ತಗ್ಗಿಸಿ ಉಣ್ಣುವುದಿಲ್ಲ. ಆಮೇಲೆ ಸಂತೆಯ ಗದ್ದಲ, ನಾಯಿ, ಕುದುರೆ, ಮಕ್ಕಳ ಕೂಗು ಮೊದಲಾದುವೆಲ್ಲ ಒಂದೊಂದಾಗಿ ರೂಢಿಯಾಗುತ್ತವೆ. ಅಡ್ಡೆಯಿಂದ ಮುಷ್ಟಿಗೆ ಮೊದಲು ಒಂದು ಹೆಜ್ಜೆ, ಬಳಿಕ ಒಂದು ನೆಗೆತ, ಬಳಿಕ ಉದ್ದದ ದಾರ ಕಟ್ಟಿದ ಹಾರಾಟ. ಕಡೆಗೆ, ಗರಿಗಳಿಂದ ಹಕ್ಕಿಯಂತೆ ರೂಪಿಸಿ ಹಗ್ಗದ ತುದಿಯಲ್ಲಿ ಬೀಸಿ ತಿರುಗಿಸುವ ಆಮಿಷಕ್ಕೆ ದೂರದಿಂದ ತಪ್ಪದೆ ಬರತೊಡಗಿದ ದಿನ, ದಾರವನ್ನು ಬಿಚ್ಚಿಬಿಡುವುದು.

ಇಷ್ಟಕ್ಕೂ ಸೂತ್ರವಾದುದು ಹಸಿವಿನ ನಿಖರವಾದ ಅರಿವು. ಹೊಟ್ಟೆ ತುಂಬಿದ ಡೇಗೆ ಮರದ ಮೇಲೆ ಕುಳಿತು ಕರೆಯನ್ನು ಉಪೇಕ್ಷಿಸುತ್ತದೆ. ಅತಿಯಾಗಿ ಸೊರಗಿದ ಡೇಗೆಗೆ ಹಾರುವ ತ್ರಾಣವಿರುವುದಿಲ್ಲ. ಇವೆರಡರ ನಡುವಣ ಇಕ್ಕಟ್ಟಾದ ಹದವನ್ನು ಹಿಂದಿನವರು ಎದೆಮೂಳೆಯ ಮೇಲಿನ ಮಾಂಸವನ್ನು ಬೆರಳಿನಿಂದ ಮುಟ್ಟಿ ಅರಿಯುತ್ತಿದ್ದರು. ಇಂದಿನವರು ದಿನದಿನವೂ ತಕ್ಕಡಿಯಲ್ಲಿ ತೂಗಿ ಗ್ರಾಂಗಳಲ್ಲಿ ಬರೆದಿಡುತ್ತಾರೆ. ಕಾಲಿಗೆ ಕಟ್ಟುವ ಕಿರುಗೆಜ್ಜೆಗಳ ದನಿಯೂ ಜೋಡಿಯಲ್ಲಿ ಸ್ವಲ್ಪ ಬೇರೆಬೇರೆಯಾಗಿರಬೇಕು, ಆಗಲೇ ಅದು ಹೊಲಗಳಾಚೆಗೂ ಸ್ಪಷ್ಟವಾಗಿ ಕೇಳುವುದು. ಲಾಹೋರಿನಲ್ಲಿ ತಯಾರಾಗುತ್ತಿದ್ದ ಗೆಜ್ಜೆಗಳು ಈ ಗುಣಕ್ಕಾಗಿಯೇ ವಿದೇಶಗಳಲ್ಲಿಯೂ ಪ್ರಖ್ಯಾತವಾಗಿದ್ದುವು. ಹಾರಾಟದಲ್ಲಿ ಗರಿಯೊಂದು ಮುರಿದರೆ, ಹಿಂದಿನ ವರ್ಷ ಉದುರಿದಾಗ ಜೋಪಾನವಾಗಿ ಎತ್ತಿಟ್ಟ ಗರಿಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಬಿದಿರಿನ ಸಣ್ಣ ಸೀಳನ್ನು ಎರಡರ ಟೊಳ್ಳಿನೊಳಗೂ ಸೇರಿಸಿ ಬೆಸೆಯುತ್ತಾರೆ. ಆ ಕಸುಬುಗಾರಿಕೆಯು ಚೆನ್ನಾಗಿದ್ದರೆ ಹಕ್ಕಿಯು ಕೊರತೆಯನ್ನೇ ಅರಿಯದೆ ಹಾರುತ್ತದೆ.

ಈ ವಿದ್ಯೆಯ ಚರಿತ್ರೆಯಲ್ಲಿ ಕಾಠಿಣ್ಯವೂ ಇಲ್ಲದಿಲ್ಲ. ಮುಸುಕುಟೋಪಿಗೆ ಬದಲಾಗಿ ಹೊಸ ಹಕ್ಕಿಯ ರೆಪ್ಪೆಗಳನ್ನು ನೂಲಿನಿಂದ ಹೊಲಿಯುವ ಪದ್ಧತಿಯಿತ್ತು. ಅರಸರ ವಿನೋದಕ್ಕಾಗಿ ಕಾಡಿನ ಡೇಗೆಗಳನ್ನು ಹಿಡಿದು ಮಾರುವ ವ್ಯಾಪಾರವೂ ಬೆಳೆದಿತ್ತು. ಭಾವನಗರದಂಥ ಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದುಬಂದ ಈ ಬೇಟೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಮ್ಮ ದೇಶದಲ್ಲಿ ನಿಂತುದು ನ್ಯಾಯವಾದುದೇ ಎಂದು ನಾನು ನಂಬುತ್ತೇನೆ. ಆದರೆ ಬೇಟೆಯನ್ನು ಬಿಡುವುದು ಬೇರೆ, ಬೇಟೆಯೊಡನೆ ಬೆಳೆದ ಜ್ಞಾನವನ್ನು ಬಿಡುವುದು ಬೇರೆ.

ಈ ಭೇದವನ್ನು ಮನಗಾಣಿಸುವ ನಿದರ್ಶನವು ಇತ್ತೀಚಿನ ಚರಿತ್ರೆಯಲ್ಲಿಯೇ ಇದೆ. ಎರಡನೆಯ ಮಹಾಯುದ್ಧದ ತರುವಾಯ ಹೊಲಗಳಿಗೆ ಎರಚಿದ ಡಿಡಿಟಿಯು ಸಣ್ಣ ಹಕ್ಕಿಗಳ ಮೂಲಕ ಬಹರಿಯ ಶರೀರವನ್ನು ಸೇರಿ, ಅದರ ಮೊಟ್ಟೆಯ ಕವಚವನ್ನು ತೆಳುವಾಗಿಸಿತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆಗಳು ಒಡೆದುಹೋದುವು. ಬ್ರಿಟನ್ನಿನ ಡೆರೆಕ್ ರಾಟ್‌ಕ್ಲಿಫ್ 1967ರಲ್ಲಿ ಹಳೆಯ ಸಂಗ್ರಹಗಳ ಮೊಟ್ಟೆಗಳನ್ನು ಹೊಸವುಗಳೊಡನೆ ಹೋಲಿಸಿ ಈ ಕ್ಷಯವನ್ನು ಪ್ರಕಟಪಡಿಸುವ ಹೊತ್ತಿಗೆ, ಅಮೆರಿಕದ ಪೂರ್ವಭಾಗದಲ್ಲಿ ಗೂಡುಕಟ್ಟುವ ಬಹರಿಯೇ ಉಳಿದಿರಲಿಲ್ಲ. ಆಗ ಅದನ್ನು ಬಂಧನದಲ್ಲಿ ಸಾಕಿ, ಮರಿಮಾಡಿಸಿ, ಮರಳಿ ಕಾಡಿಗೆ ಕಳುಹಿಸುವ ಮಾರ್ಗವನ್ನು ಬಲ್ಲವರು ಡೇಗೆಗಾರರೇ ಆಗಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್, ಸ್ವತಃ ಡೇಗೆಗಾರನಾದ ವಿಜ್ಞಾನಿ, 1970ರಲ್ಲಿ ಆರಂಭಿಸಿದ ಪೆರೆಗ್ರಿನ್ ಫಂಡ್ ಸಂಸ್ಥೆಯು, ಮರಿಗಳನ್ನು ಎತ್ತರದ ನೆಲೆಯಲ್ಲಿರಿಸಿ, ತಾವಾಗಿ ಬೇಟೆ ಕಲಿಯುವವರೆಗೆ ಉಣಿಸಿ ಬಿಟ್ಟುಬಿಡುವ ಪುರಾತನ ಕ್ರಮವನ್ನೇ ಅನುಸರಿಸಿ ಸಾವಿರಾರು ಬಹರಿಗಳನ್ನು ಆಕಾಶಕ್ಕೆ ಮರಳಿಸಿತು. 1972ರಲ್ಲಿ ಅಲ್ಲಿ ಡಿಡಿಟಿಯೂ ನಿಷಿದ್ಧವಾಯಿತು. 1999ರಲ್ಲಿ ಬಹರಿಯ ಹೆಸರನ್ನು ಅಮೆರಿಕದ ಅಪಾಯಗ್ರಸ್ತ ಜೀವಿಗಳ ಪಟ್ಟಿಯಿಂದ ಕೈಬಿಡಲಾಯಿತು.

ನಮ್ಮಲ್ಲಿಯೂ ಈ ಜ್ಞಾನಕ್ಕೆ ಕಾರ್ಯಕ್ಷೇತ್ರವಿದೆ. ಗಾಜಿನ ಪುಡಿ ಬಳಿದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹದ್ದುಗಳು ಬೆಂಗಳೂರಿನಂಥ ನಗರಗಳಲ್ಲಿ ಆಗಾಗ್ಗೆ ಶುಶ್ರೂಷೆಗೆ ಬರುತ್ತವೆ. ಗಾಯ ಮಾಯ್ದ ಮಾತ್ರಕ್ಕೆ ಅಂಥ ಹಕ್ಕಿಯು ಬದುಕಲಾರದು. ಅದರ ತೂಕವನ್ನು ಅರಿತು ಉಣಿಸಿ, ಮುರಿದ ಗರಿಯನ್ನು ಬೆಸೆದು, ಉದ್ದದ ದಾರದಲ್ಲಿ ದಿನಕ್ಕಿಷ್ಟು ಹಾರಿಸಿ, ಸೋತ ಸ್ನಾಯುಗಳಿಗೆ ಬಲ ತುಂಬಬೇಕು. ಇವೆಲ್ಲವೂ ಡೇಗೆಗಾರರ ಪರಂಪರೆಯಲ್ಲಿ ಶತಮಾನಗಳಿಂದ ಪರೀಕ್ಷಿತವಾದ ಉಪಾಯಗಳು. ಆದುದರಿಂದ ಶ್ಯೇನವಿದ್ಯೆಯನ್ನು ಅಳಿದ ಅರಸೊತ್ತಿಗೆಯೊಡನೆ ಅಳಿದ ಒಂದು ವಿಲಾಸವೆಂದು ಬದಿಗಿಡದೆ, ನಮ್ಮ ಪಶುವೈದ್ಯರೂ ಪಕ್ಷಿಪ್ರಿಯರೂ ಶ್ರದ್ಧೆಯಿಂದ ಅಭ್ಯಸಿಸಬೇಕು. ಒಂದು ಕಾಲಕ್ಕೆ ಹಕ್ಕಿಯನ್ನು ಮನುಷ್ಯನ ಬೇಟೆಗೆ ಅಣಿಗೊಳಿಸಿದ ಈ ವಿದ್ಯೆಯು, ಇಂದು ಮನುಷ್ಯನಿಂದಲೇ ನೊಂದ ಹಕ್ಕಿಯನ್ನು ಅದರ ಸ್ವಂತ ಬೇಟೆಗೆ ಅಣಿಗೊಳಿಸಲು ಒದಗಬೇಕು.